ಐತಿಹಾಸಿಕ ಸ್ಟ್ರಾಟಜಿ ಗೇಮ್ ಆಟಗಾರರನ್ನು ಹಿಡಿದಿಡುವಂತೆ ರೂಪಿಸುವುದು ಹೇಗೆ

ಐತಿಹಾಸಿಕ ಸ್ಟ್ರಾಟಜಿ ಗೇಮ್ ಒಂದನ್ನು ರೂಪಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಕವಚ, ಕೋಟೆ, ಬಾವುಟ, ಭೂಪಟಗಳಿಗೆ. ಇವೆಲ್ಲ ಬೇಕಾದವೇ, ಹೊಸ ಆಟಗಾರನನ್ನು ಮೊದಲ ಅರ್ಧ ಗಂಟೆ ಕೂರಿಸುವುದು ಇವೇ. ಆದರೆ ಹತ್ತಾರು ಗಂಟೆ ಆಡಿದ ಮೇಲೂ ಅವನು ಮತ್ತೆ ಅದೇ ಆಟಕ್ಕೆ ಮರಳಬೇಕಾದರೆ, ಆ ಕಾಲದ ಜನ ಎದುರಿಸಿದ ಇಕ್ಕಟ್ಟು ಆಟದ ನಿಯಮಗಳೊಳಗೆ ಇಳಿದಿರಬೇಕು, ಮತ್ತು ಆ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಅವನು ತನ್ನ ಬುದ್ಧಿಯಿಂದಲೇ ಕಂಡುಕೊಳ್ಳಬೇಕು. 1991ರಲ್ಲಿ ಬ್ರೂಸ್ ಶೆಲ್ಲಿಯವರೊಡನೆ ಸಿವಿಲೈಸೇಶನ್ ಆಟವನ್ನು ರೂಪಿಸಿದ ಸಿಡ್ ಮೇಯರ್, ಆಟವೆಂದರೆ ಕುತೂಹಲ ಹುಟ್ಟಿಸುವ ನಿರ್ಧಾರಗಳ ಸರಣಿ ಎಂಬರ್ಥದ ಮಾತನ್ನು ಹೇಳಿ ದಶಕಗಳೇ ಕಳೆದಿವೆ. ಐತಿಹಾಸಿಕ ಆಟದ ಮಟ್ಟಿಗೆ ಆ ಮಾತಿಗೆ ಇನ್ನೊಂದು ಷರತ್ತು ಸೇರಬೇಕು: ಆ ನಿರ್ಧಾರಗಳು ಆ ಕಾಲಕ್ಕೇ ಸೇರಿದವಾಗಿರಬೇಕು, ಹೆಸರು ಮತ್ತು ಬಣ್ಣ ಬದಲಿಸಿ ಇನ್ನೊಂದು ಶತಮಾನಕ್ಕೆ ಎತ್ತಿಡಲು ಬರುವಂತಿರಬಾರದು.

ಮೊದಲು ಇಕ್ಕಟ್ಟನ್ನು ಗುರುತಿಸಿ

ನೀವು ಆರಿಸಿಕೊಂಡ ಕಾಲಘಟ್ಟದ ಬಗ್ಗೆ ಓದುವಾಗ ಏನು ನಡೆಯಿತು ಎಂಬುದಕ್ಕಿಂತ, ಅಧಿಕಾರದಲ್ಲಿದ್ದವರು ಯಾವ ಎರಡು ಬೇಕುಗಳ ನಡುವೆ ಸಿಕ್ಕಿಹಾಕಿಕೊಂಡಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಘಟನೆಗಳ ಪಟ್ಟಿಯಿಂದ ಆಟ ಹುಟ್ಟುವುದಿಲ್ಲ, ಇಕ್ಕಟ್ಟುಗಳ ಪಟ್ಟಿಯಿಂದ ಹುಟ್ಟುತ್ತದೆ. ಇದನ್ನು ಒಂದು ಉದಾಹರಣೆಯಲ್ಲಿ ವಿವರವಾಗಿಯೇ ನೋಡುವುದು ಒಳ್ಳೆಯದು.

ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿಯ ಮೇಲೆ ಆಟೊಮನ್ ತುರ್ಕರು ನಡೆಸಿದ 1453ರ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆಯನ್ನು ತೆಗೆದುಕೊಳ್ಳಿ. ಏಪ್ರಿಲ್ 6ರಂದು ಆರಂಭವಾದ ಆ ಮುತ್ತಿಗೆ ಮೇ 29ರಂದು ನಗರದ ಪತನದೊಂದಿಗೆ ಮುಗಿಯಿತು. ರಕ್ಷಕರ ಸಂಖ್ಯೆ ಸುಮಾರು 7,000. ಅವರು ಕಾಯಬೇಕಾಗಿದ್ದ ನೆಲದ ಕಡೆಯ ಗೋಡೆಯೇ ಸುಮಾರು 6 ಕಿಲೋಮೀಟರ್ ಉದ್ದವಿತ್ತು. ಆಟವನ್ನು ಅವಸರದಲ್ಲಿ ರೂಪಿಸುವವರು ಇಲ್ಲಿ ದೊಡ್ಡ ಫಿರಂಗಿ, ಎತ್ತರದ ಗೋಡೆ, ಎರಡು ಬಣ್ಣದ ಸೈನ್ಯಗಳನ್ನು ಮಾತ್ರ ಕಾಣುತ್ತಾರೆ. ಇಕ್ಕಟ್ಟುಗಳನ್ನು ಹುಡುಕುವವರಿಗೆ ಬೇರೆಯದೇ ಸಾಮಗ್ರಿ ಸಿಗುತ್ತದೆ. ಫಿರಂಗಿ ಎರಕ ಹೊಯ್ಯುವ ಓರ್ಬಾನ್ ಮೊದಲು ಬಂದದ್ದು ಚಕ್ರವರ್ತಿ ಹನ್ನೊಂದನೆಯ ಕಾನ್‌ಸ್ಟಂಟೈನನ ಬಳಿಗೇ. ಬೊಕ್ಕಸದಲ್ಲಿ ಅವನಿಗೆ ಕೊಡಲು ಸಾಕಷ್ಟು ಹಣವಿರಲಿಲ್ಲವಾದ್ದರಿಂದ ಅವನು ಸುಲ್ತಾನ ಎರಡನೆಯ ಮೆಹ್ಮದನ ಆಸ್ಥಾನಕ್ಕೆ ಹೋದ. ಪಶ್ಚಿಮದ ನೆರವು ಬೇಕಿದ್ದರೆ ನಗರದ ಆರ್ಥೊಡಾಕ್ಸ್ ಚರ್ಚು ರೋಮಿನ ಚರ್ಚಿನೊಡನೆ ಐಕ್ಯವನ್ನು ಒಪ್ಪಬೇಕಿತ್ತು. 1452ರ ಡಿಸೆಂಬರಿನಲ್ಲಿ ಅದನ್ನು ಘೋಷಿಸಿದಾಗ ನಗರದ ಬಹಳಷ್ಟು ಜನ ಅದನ್ನು ತಿರಸ್ಕಾರದಿಂದ ಕಂಡರು. ಹಗಲು ಒಡೆದ ಗೋಡೆಯನ್ನು ರಾತ್ರಿ ದುರಸ್ತಿ ಮಾಡಬೇಕಿತ್ತು, ಆದರೆ ರಾತ್ರಿ ದುಡಿದವರೇ ಮರುದಿನ ಕಾದಾಡಬೇಕಿತ್ತು. ಗೋಲ್ಡನ್ ಹಾರ್ನ್ ಕೊಲ್ಲಿಯ ಬಾಯಿಗೆ ಕಟ್ಟಿದ್ದ ಸರಪಳಿಯನ್ನು ನಂಬಿ ಆ ಬದಿಯ ಗೋಡೆಗೆ ಕಡಿಮೆ ಜನರನ್ನು ಇಡಲಾಗಿತ್ತು. ಏಪ್ರಿಲ್ 22ರಂದು ಮೆಹ್ಮದ್ ತನ್ನ ಹಡಗುಗಳನ್ನು ನೆಲದ ಮೇಲೆ ಎಳೆಸಿ ಕೊಲ್ಲಿಯೊಳಗೆ ಇಳಿಸಿದಾಗ, ಮೊದಲೇ ಸಾಲದ ಸೈನ್ಯವನ್ನು ಇನ್ನಷ್ಟು ತೆಳುವಾಗಿ ಹರಡಬೇಕಾಯಿತು.

ಈ ನಾಲ್ಕು ಸಂಗತಿಗಳಲ್ಲಿ ಒಂದೊಂದೂ ಒಂದು ನಿಯಮವಾಗಬಲ್ಲದು. ಬೊಕ್ಕಸದಲ್ಲಿರುವ ಹಣವನ್ನು ಓರ್ಬಾನನಿಗೆ ಕೊಟ್ಟು ಶತ್ರುವಿನ ಬಲ ಕುಗ್ಗಿಸುವುದೋ, ಅದೇ ಹಣದಲ್ಲಿ ಕೂಲಿ ಸೈನಿಕರನ್ನು ತರುವುದೋ? ಐಕ್ಯ ಘೋಷಿಸಿ ಹಡಗುಗಳು ಬರುವ ಸಾಧ್ಯತೆಯನ್ನು ಹೆಚ್ಚಿಸಿಕೊಳ್ಳುವುದೋ, ಜನರ ನಿಷ್ಠೆಯನ್ನು ಉಳಿಸಿಕೊಳ್ಳುವುದೋ? ಈ ರಾತ್ರಿ ದುರಸ್ತಿಯೋ, ವಿಶ್ರಾಂತಿಯೋ? ಸರಪಳಿಯ ಮೇಲೆ ಎಷ್ಟು ದಿನ ನಂಬಿಕೆ ಇಡುವುದು? ಇವುಗಳಲ್ಲಿ ಯಾವುದಕ್ಕೂ ಎಲ್ಲ ಸಂದರ್ಭಗಳಲ್ಲಿಯೂ ಸರಿಯಾಗುವ ಉತ್ತರವಿಲ್ಲ ಎಂಬುದನ್ನು ಗಮನಿಸಿ. ಒಂದು ಆಯ್ಕೆ ಯಾವಾಗಲೂ ಲಾಭಕರವೆಂದು ತಿಳಿದುಬಿಟ್ಟರೆ ಆಟಗಾರ ಯೋಚಿಸುವುದನ್ನು ನಿಲ್ಲಿಸಿ ಬರೀ ಗುಂಡಿ ಒತ್ತತೊಡಗುತ್ತಾನೆ. ಹೀಗೆ ಐದಾರು ಇಕ್ಕಟ್ಟುಗಳು ಸಿಕ್ಕ ಮೇಲೆ, ಅವು ಒಂದಕ್ಕೊಂದು ತಗಲುವಂತೆ ಹೆಣೆಯಿರಿ: ಜನರ ನಿಷ್ಠೆ ಕುಸಿದರೆ ರಾತ್ರಿ ದುರಸ್ತಿಗೆ ಬರುವ ಕೈಗಳೂ ಕಡಿಮೆಯಾಗಲಿ. ಬಿಡಿಬಿಡಿಯಾಗಿ ನಿಂತ ಹತ್ತು ವ್ಯವಸ್ಥೆಗಳಿಗಿಂತ ಪರಸ್ಪರ ಎಳೆದಾಡುವ ನಾಲ್ಕು ವ್ಯವಸ್ಥೆಗಳು ಆಟಗಾರನ ಮನಸ್ಸನ್ನು ಹೆಚ್ಚು ಕಾಲ ಹಿಡಿದಿಡುತ್ತವೆ.

ಆಟಗಾರ ಯಾರು ಎಂಬುದನ್ನು ನಿಶ್ಚಯಿಸಿ

ಎರಡನೆಯ ಹೆಜ್ಜೆ ಸುಲಭವಾಗಿ ಕಾಣುತ್ತದೆ, ಆದರೆ ಇಡೀ ಆಟದ ಸ್ವರೂಪ ಇಲ್ಲಿಯೇ ತೀರ್ಮಾನವಾಗುತ್ತದೆ. ಸಿವಿಲೈಸೇಶನ್‌ನಲ್ಲಿ ಆಟಗಾರ ಸಾವಿರಾರು ವರ್ಷ ಬಾಳುವ ಒಂದು ನಾಗರಿಕತೆಯ ಅಮೂರ್ತ ಚೇತನ. ಯುರೋಪಾ ಯೂನಿವರ್ಸಾಲಿಸ್ 4ರಲ್ಲಿ ಅವನು 1444ರ ನವೆಂಬರ್ 11ರಿಂದ 1821ರವರೆಗೆ ಒಂದು ರಾಜ್ಯವನ್ನು ನಡೆಸುತ್ತಾನೆ. ಅರಸರು ಬಂದುಹೋದರೂ ರಾಜ್ಯ ಮುಂದುವರಿಯುತ್ತದೆ. ಕ್ರುಸೇಡರ್ ಕಿಂಗ್ಸ್ ಸರಣಿಯಲ್ಲಿ ಅವನು ಒಬ್ಬ ವ್ಯಕ್ತಿ. ಆ ವ್ಯಕ್ತಿ ಸತ್ತಾಗ ಉತ್ತರಾಧಿಕಾರಿಯಾಗಿ ಆಟ ಮುಂದುವರಿಯುತ್ತದೆ, ವಂಶದಲ್ಲಿ ಯಾರೂ ಉಳಿಯದಿದ್ದರೆ ಆಟವೇ ಮುಗಿಯುತ್ತದೆ.

ಈ ಮೂರನೆಯ ನಿಲುವು ಮಧ್ಯಯುಗಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಆ ಕಾಲದ ರಾಜಕೀಯ ಬಹುಮಟ್ಟಿಗೆ ಮದುವೆ, ಹೆರಿಗೆ, ಆಸ್ತಿಪಾಲು, ದಾಯಾದಿ ಜಗಳಗಳ ಮೂಲಕ ನಡೆಯುತ್ತಿತ್ತು. 2020ರಲ್ಲಿ ಬಂದ ಕ್ರುಸೇಡರ್ ಕಿಂಗ್ಸ್ 3 ಇದನ್ನು ಉತ್ತರಾಧಿಕಾರದ ನಿಯಮದಲ್ಲಿಯೇ ಇಟ್ಟಿದೆ: ಆಟದ ಆರಂಭದ ಶತಮಾನಗಳಲ್ಲಿ ಹೆಚ್ಚಿನ ಅರಸರ ಭೂಮಿ ಮಕ್ಕಳ ನಡುವೆ ಹಂಚಿಹೋಗುತ್ತದೆ, ಹಾಗಾಗಿ ಜೀವಮಾನವಿಡೀ ಕೂಡಿಸಿದ ರಾಜ್ಯ ಒಂದು ಸಾವಿನಿಂದ ಚೂರಾಗಬಹುದು. ಅಷ್ಟೇ ಅಲ್ಲದೆ, ಪಾತ್ರವು ತನ್ನ ಸ್ವಭಾವಕ್ಕೆ ವಿರುದ್ಧವಾಗಿ ನಡೆದಾಗ ಮಾನಸಿಕ ಒತ್ತಡ ಏರುತ್ತದೆ. ಕರುಣಾಳುವಾದ ಅರಸನ ಕೈಯಲ್ಲಿ ಕೈದಿಗಳ ತಲೆ ತೆಗೆಸಿದರೆ ಅದರ ಬೆಲೆಯನ್ನು ಆ ಅರಸನೇ ತೆರುತ್ತಾನೆ. ಇದರಿಂದ ಆಟಗಾರನು ಲೆಕ್ಕದಲ್ಲಿ ಲಾಭವಿರುವ ದಾರಿಗೂ, ಆ ಮನುಷ್ಯ ನಡೆಯಬಹುದಾದ ದಾರಿಗೂ ನಡುವೆ ಆರಿಸಿಕೊಳ್ಳಬೇಕಾಗುತ್ತದೆ. ಗೆಲುವಿಗಿಂತ ಸೋಲಿನ ಕಥೆಯನ್ನೇ ಆಟಗಾರರು ಹೆಚ್ಚು ಉತ್ಸಾಹದಿಂದ ಹೇಳಿಕೊಳ್ಳುವಂತೆ ಮಾಡಿರುವ ಆಟಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವಿದೆ ಎಂದು ನಾನು ನಂಬುತ್ತೇನೆ.

ನಿಮ್ಮ ಆಟದ ವಿಷಯ ಹತ್ತೊಂಬತ್ತನೆಯ ಶತಮಾನದ ಕೈಗಾರಿಕೀಕರಣವಾಗಿದ್ದರೆ ಒಬ್ಬ ಅರಸನ ಕಣ್ಣಿನಿಂದ ಅದನ್ನು ನೋಡುವುದು ಕಷ್ಟ. 1836ರಿಂದ 1936ರವರೆಗಿನ ಕಾಲವನ್ನು ಆರಿಸಿಕೊಂಡ ವಿಕ್ಟೋರಿಯಾ 3 ಅದಕ್ಕಾಗಿಯೇ ಜಮೀನ್ದಾರರು, ಕೈಗಾರಿಕೋದ್ಯಮಿಗಳು, ಕಾರ್ಮಿಕ ಸಂಘಗಳಂತಹ ಹಿತಾಸಕ್ತ ಗುಂಪುಗಳ ಎಳೆದಾಟವನ್ನು ನಡುವೆ ಇಡುತ್ತದೆ. ಕಾನೂನು ಬದಲಿಸಲು ಹೊರಟರೆ ನಷ್ಟವಾಗುವ ಗುಂಪು ತಿರುಗಿಬೀಳುತ್ತದೆ.

ಸಂಪನ್ಮೂಲಗಳು ಕಡಿಮೆಯಿರಲಿ, ಅವುಗಳ ಅರ್ಥ ಸ್ಪಷ್ಟವಾಗಿರಲಿ

ಏಜ್ ಆಫ್ ಎಂಪೈರ್ಸ್ 2 ಬಿಡುಗಡೆಯಾದದ್ದು 1999ರಲ್ಲಿ. ಇಂದಿಗೂ ಅದರ ಪಂದ್ಯಾವಳಿಗಳು ನಡೆಯುತ್ತಿವೆ. ಅದರಲ್ಲಿರುವುದು ಆಹಾರ, ಮರ, ಚಿನ್ನ, ಕಲ್ಲು ಎಂಬ ನಾಲ್ಕೇ ಸಂಪನ್ಮೂಲಗಳು. ಆದರೆ ಪ್ರತಿಯೊಂದರ ಬಳಕೆಯೂ ಇನ್ನೊಂದನ್ನು ತಡೆಯುತ್ತದೆ. ಮೊದಲ ಯುಗದಿಂದ ಎರಡನೆಯದಕ್ಕೆ ಏರಲು 500 ಆಹಾರ ಬೇಕು. ಒಬ್ಬ ಹಳ್ಳಿಗನನ್ನು ಪಡೆಯಲು 50 ಆಹಾರ ಬೇಕು. ಹಾಗಾದರೆ ಇನ್ನೂ ಕೆಲವು ಹಳ್ಳಿಗರನ್ನು ಸೇರಿಸಿಕೊಂಡು ತಡವಾಗಿ ಏರಬೇಕೋ, ಕಡಿಮೆ ಜನರೊಡನೆ ಬೇಗ ಏರಿ ಎದುರಾಳಿಯ ಮೇಲೆ ಬೀಳಬೇಕೋ ಎಂಬ ಪ್ರಶ್ನೆ ಆರಂಭದ ಕೆಲವೇ ನಿಮಿಷಗಳಲ್ಲಿ ಎದುರಾಗುತ್ತದೆ. ನಕ್ಷೆಯ ಮೇಲಿನ ಚಿನ್ನದ ಗಣಿಗಳು ಬರಿದಾಗುತ್ತವೆ, ಆಮೇಲೆ ಚಿನ್ನ ಬೇಕೆಂದರೆ ವ್ಯಾಪಾರ ಮಾಡಬೇಕು ಅಥವಾ ಪವಿತ್ರ ಅವಶೇಷಗಳನ್ನು ಮೊದಲೇ ಮಠಕ್ಕೆ ಸಾಗಿಸಿಟ್ಟಿರಬೇಕು. ಎರಡೂ ಇಲ್ಲದವನು ಕೊನೆಯಲ್ಲಿ ಆಹಾರ ಮತ್ತು ಮರದಿಂದ ಮಾತ್ರ ತಯಾರಾಗುವ ಸಾಧಾರಣ ಪಡೆಗಳನ್ನು ನೆಚ್ಚಿಕೊಳ್ಳಬೇಕಾಗುತ್ತದೆ. ಇಡೀ ಆಟದ ಏರಿಳಿತ ಈ ಒಂದು ಕೊರತೆಯಿಂದ ಹುಟ್ಟುತ್ತದೆ.

ಆದ್ದರಿಂದ ಹೊಸ ಸಂಪನ್ಮೂಲವೊಂದನ್ನು ಸೇರಿಸುವ ಮೊದಲು, ಇದು ಯಾವ ಹೊಸ ಇಕ್ಕಟ್ಟನ್ನು ತರುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಬಿಟ್ಟುಬಿಡಿ. ಸಂಪನ್ಮೂಲ ಎಂದರೆ ವಸ್ತುವೇ ಆಗಬೇಕೆಂದೂ ಇಲ್ಲ. ಸೋರೆನ್ ಜಾನ್ಸನ್ ಅವರ ಓಲ್ಡ್ ವರ್ಲ್ಡ್ ಆಟದಲ್ಲಿ ಒಂದು ಸರದಿಯಲ್ಲಿ ಅರಸ ಕೊಡಬಹುದಾದ ಆಜ್ಞೆಗಳ ಸಂಖ್ಯೆಯೇ ಸೀಮಿತ. ಸೈನ್ಯ ನಡೆಸಲು ಆಜ್ಞೆ ಖರ್ಚಾದರೆ ನಿರ್ಮಾಣಕ್ಕೆ ಉಳಿಯುವುದಿಲ್ಲ. ಪ್ರಾಚೀನ ಕಾಲದ ದೊರೆಯ ಗಮನವೂ ಅಧಿಕಾರವೂ ಎಷ್ಟು ದೂರ ಚಾಚಬಲ್ಲವು ಎಂಬ ಐತಿಹಾಸಿಕ ಸತ್ಯವನ್ನು ಒಂದೇ ಸಂಖ್ಯೆಯಲ್ಲಿ ಹಿಡಿದಿರುವ ಈ ನಿಯಮ, ದೊಡ್ಡ ಸಾಮ್ರಾಜ್ಯವಾದ ಮೇಲೆ ಪ್ರತಿಯೊಂದು ಯೂನಿಟ್ಟನ್ನೂ ಪ್ರತಿ ಸರದಿಯಲ್ಲಿ ಚಲಿಸಬೇಕಾದ ಬೇಸರವನ್ನೂ ತಪ್ಪಿಸುತ್ತದೆ.

ಕಾಣದಿರುವುದಕ್ಕೂ ಜಾಗ ಕೊಡಿ

ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಸಿದ್ಧಪಡಿಸಿದ ಕ್ರೀಗ್ಸ್‌ಸ್ಪೀಲ್ ಎಂಬ ಯುದ್ಧದಾಟದಲ್ಲಿ ಇಬ್ಬರು ಆಟಗಾರರ ನಡುವೆ ಒಬ್ಬ ತೀರ್ಪುಗಾರನಿರುತ್ತಿದ್ದ. ಆಟಗಾರರು ಆಜ್ಞೆಗಳನ್ನು ಬರೆದು ಅವನಿಗೆ ಕೊಡುತ್ತಿದ್ದರು. ರಣರಂಗದಲ್ಲಿ ನಿಜವಾದ ಸೇನಾನಿಗೆ ಎಷ್ಟು ತಿಳಿಯುತ್ತಿತ್ತೋ ಅಷ್ಟನ್ನು ಮಾತ್ರ ಅವನು ಅವರಿಗೆ ತೋರಿಸುತ್ತಿದ್ದ. ಕಂಪ್ಯೂಟರ್ ಆಟಗಳಲ್ಲಿ ನಕ್ಷೆಯ ಮೇಲೆ ಕವಿಯುವ ಕತ್ತಲು ಆ ತೀರ್ಪುಗಾರನ ಕೆಲಸವನ್ನೇ ಮಾಡುತ್ತದೆ. ಆದರೆ ಭೂಭಾಗವನ್ನು ಮರೆಮಾಡಿದರೆ ಅರ್ಧ ಕೆಲಸವಾದಂತೆ ಮಾತ್ರ. ಚರಿತ್ರೆಯಲ್ಲಿ ಹೆಚ್ಚು ಅನಾಹುತ ತಂದದ್ದು ಮನುಷ್ಯರ ಮನಸ್ಸಿನ ಮರೆ. ಜಪಾನಿನಲ್ಲಿ ನಡೆದ 1600ರ ಸೆಕಿಗಹಾರ ಕದನದಲ್ಲಿ ಇಶಿದಾ ಮಿತ್ಸುನಾರಿಯ ಪರವಾಗಿ ಬೆಟ್ಟದ ಮೇಲೆ ನಿಂತಿದ್ದ ಕೊಬಯಕಾವಾ ಹಿದೆಯಾಕಿ ಯುದ್ಧದ ನಡುವೆ ಪಕ್ಷ ಬದಲಿಸಿ, ಟೊಕುಗಾವಾ ಇಯೆಯಾಸುವಿನ ಗೆಲುವಿಗೆ ಕಾರಣನಾದ. ಆ ಕದನವನ್ನು ಸೈನಿಕರ ಸಂಖ್ಯೆ ಮತ್ತು ಶಸ್ತ್ರಗಳ ಲೆಕ್ಕದಲ್ಲಿ ಮಾತ್ರ ರೂಪಿಸಿದರೆ ಅದು ಸೆಕಿಗಹಾರ ಆಗುವುದೇ ಇಲ್ಲ. ಸಾಮಂತರ ನಿಷ್ಠೆಯನ್ನು ಒಂದು ಅಂದಾಜಿನಷ್ಟೇ ಕಾಣುವಂತೆ ಇಟ್ಟು, ಅದನ್ನು ಅರಿಯಲು ಹಣವನ್ನೋ ಸಮಯವನ್ನೋ ಖರ್ಚು ಮಾಡಬೇಕಾದ ನಿಯಮವನ್ನು ತಂದಾಗ, ಬಲದಲ್ಲಿ ಮುಂದಿದ್ದವನೂ ಹಿಂತಿರುಗಿ ನೋಡುತ್ತ ಆಡುತ್ತಾನೆ.

ಇದರ ಜೊತೆಗೆ ಒಂದು ಎಚ್ಚರ ಬೇಕು. ಎದುರಾಳಿಯ ಮನಸ್ಸು ಪೂರ್ತಿ ಅಗೋಚರವಾದರೆ ಅವನ ವರ್ತನೆ ಕಾರಣವಿಲ್ಲದ ಹುಚ್ಚಾಟವಾಗಿ ಕಾಣುತ್ತದೆ. 2005ರ ಸಿವಿಲೈಸೇಶನ್ 4ರಲ್ಲಿ ಪ್ರತಿ ನಾಯಕನಿಗೆ ನಿಮ್ಮ ಬಗ್ಗೆ ಏಕೆ ಒಲವು, ಏಕೆ ಅಸಮಾಧಾನ ಎಂಬುದನ್ನು ಕೂಡುವ ಮತ್ತು ಕಳೆಯುವ ಅಂಕಗಳೊಡನೆ ತೋರಿಸಲಾಗಿತ್ತು. ದ್ರೋಹ ನಡೆದ ಮೇಲೆ ಆಟಗಾರನಿಗೆ ಸುಳಿವು ಮೊದಲೇ ಇತ್ತಲ್ಲ ಅನ್ನಿಸುವಷ್ಟು ಬೆಳಕು ಸಾಕು.

ಮುಂದಿನ ಸರದಿಗೆ ಎಳೆಯುವ ಲಯ

ಇನ್ನೊಂದೇ ಸರದಿ ಎಂದುಕೊಂಡು ಬೆಳಗಿನ ಜಾವದವರೆಗೆ ಆಡುವವರ ಅನುಭವ ಈ ಪ್ರಕಾರದ ಎಲ್ಲರಿಗೂ ಪರಿಚಿತ. ಇದರ ಹಿಂದಿರುವುದು ಸರಳವಾದ ಜೋಡಣೆ: ಕೆಲಸಗಳು ಬೇರೆಬೇರೆ ಹೊತ್ತಿಗೆ ಮುಗಿಯುತ್ತವೆ. ಎರಡು ಸರದಿಯಲ್ಲಿ ವಲಸಿಗರು ನದಿದಂಡೆಗೆ ತಲುಪುತ್ತಾರೆ, ನಾಲ್ಕರಲ್ಲಿ ಬರವಣಿಗೆಯ ಸಂಶೋಧನೆ ಮುಗಿಯುತ್ತದೆ, ಒಂಬತ್ತರಲ್ಲಿ ಅದ್ಭುತವೊಂದರ ನಿರ್ಮಾಣ ಪೂರ್ಣವಾಗುತ್ತದೆ. ಎಲ್ಲವೂ ಒಟ್ಟಿಗೆ ಮುಗಿಯುವ ಬಿಡುವು ಬರುವುದೇ ಇಲ್ಲ. ನಿಮ್ಮ ಆಟದ ಇಪ್ಪತ್ತು ಸರದಿಗಳನ್ನು ಒಂದು ಹಾಳೆಯಲ್ಲಿ ಅಡ್ಡಸಾಲಾಗಿ ಬರೆದು, ಯಾವ ಕೆಲಸ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯಿರಿ. ಏನೂ ಮುಗಿಯದ, ಏನನ್ನೂ ನಿರ್ಧರಿಸಬೇಕಿಲ್ಲದ ಸರದಿಗಳು ಸಾಲಾಗಿ ಬಂದ ಜಾಗವೇ ಜನ ಆಟವನ್ನು ಮುಚ್ಚುವ ಜಾಗ.

ಲಯಕ್ಕೆ ಇನ್ನೊಂದು ದಾರಿಯೂ ಇದೆ. 2000ದಲ್ಲಿ ಬಂದ ಶೋಗನ್‌ನಿಂದ ಮೊದಲ್ಗೊಂಡು ಟೋಟಲ್ ವಾರ್ ಸರಣಿಯು ನಿಧಾನವಾದ ಸರದಿಗಳ ರಾಜ್ಯಭಾರವನ್ನೂ, ಕಣ್ಣೆದುರಿನಲ್ಲೇ ನಡೆಯುವ ಕದನವನ್ನೂ ಒಂದರ ಪಕ್ಕ ಒಂದು ಇಟ್ಟಿತು. ಆ ಕದನಗಳಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಎಲ್ಲರನ್ನೂ ಕೊಂದವನಲ್ಲ, ಎದುರಾಳಿಯ ಪಡೆಯ ಧೈರ್ಯವನ್ನು ಮುರಿದು ಓಡಿಸಿದವನು. ಪ್ರಾಚೀನ ಮತ್ತು ಮಧ್ಯಯುಗದ ಯುದ್ಧಗಳ ಸ್ವಭಾವವೂ ಅದೇ ಆಗಿತ್ತು.

ಸಂಭಾವ್ಯತೆಯ ಬಗ್ಗೆ ಇಲ್ಲಿಯೇ ಒಂದು ಮಾತು. 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನ ಭಾಷಣದಲ್ಲಿ ಸಿಡ್ ಮೇಯರ್ ವಿವರಿಸಿದಂತೆ, ಮೂರಕ್ಕೆ ಒಂದರ ಅನುಕೂಲವಿದ್ದಾಗ ಸೋತ ಆಟಗಾರ ಅದನ್ನು ಅನ್ಯಾಯವೆಂದು ಭಾವಿಸುತ್ತಾನೆ; ಅದೇ ಆಟಗಾರ ಒಂದಕ್ಕೆ ಮೂರರ ಪ್ರತಿಕೂಲದಲ್ಲಿ ಗೆದ್ದರೆ ಅದನ್ನು ತನ್ನ ಜಾಣ್ಮೆಯೆಂದು ಸುಮ್ಮನೆ ಒಪ್ಪಿಕೊಳ್ಳುತ್ತಾನೆ. ಗಣಿತ ಸರಿಯಾಗಿದ್ದರೆ ಸಾಲದು. ಸೋಲಿಗೆ ಕಾರಣವೇನೆಂಬುದು, ಅಂದರೆ ನದಿ ದಾಟುತ್ತಿದ್ದುದೋ, ಸೈನಿಕರ ದಣಿವೋ, ಆಹಾರದ ಕೊರತೆಯೋ ಎಂಬುದು ತೆರೆಯ ಮೇಲೆ ಕಾಣಬೇಕು.

ಗೊತ್ತಿರುವ ಕಥೆಯನ್ನು ಎಷ್ಟು ಸಡಿಲಿಸಬೇಕು

ಐತಿಹಾಸಿಕ ಆಟಕ್ಕೆ ಮಾತ್ರ ಇರುವ ತೊಡಕು ಇದು: ಕೊನೆಗೆ ಏನಾಯಿತೆಂದು ಆಟಗಾರನಿಗೆ ಮೊದಲೇ ಗೊತ್ತು. ಘಟನೆಗಳನ್ನು ದಿನಾಂಕಕ್ಕೆ ಕಟ್ಟಿಹಾಕಿದರೆ ಅವನು ಏನು ಮಾಡಿದರೂ ವ್ಯರ್ಥ; ಪೂರ್ತಿ ಬಿಟ್ಟುಬಿಟ್ಟರೆ ಚರಿತ್ರೆಯೇ ಮಾಯ. ಇದಕ್ಕೆ ನನಗೆ ಸರಿಯೆನಿಸುವ ಪರಿಹಾರವೆಂದರೆ ಘಟನೆಗಳನ್ನು ಅವುಗಳ ಕಾರಣಗಳಿಗೆ ಕಟ್ಟುವುದು. 1477ರಲ್ಲಿ ಬರ್ಗಂಡಿಯ ದೊರೆ ಚಾರ್ಲ್ಸ್ ಗಂಡುಸಂತಾನವಿಲ್ಲದೆ ನಾನ್ಸಿಯ ಕದನದಲ್ಲಿ ಮಡಿದ. ಅವನ ನಾಡುಗಳು ಫ್ರಾನ್ಸ್ ಮತ್ತು ಹ್ಯಾಬ್ಸ್‌ಬರ್ಗ್ ಮನೆತನದ ನಡುವೆ ಹಂಚಿಹೋದವು. ಇದನ್ನು 1477 ಬಂದೊಡನೆ ನಡೆಯುವಂತೆ ಬರೆಯುವ ಬದಲು, ಹೊರಗಿನ ಮನೆತನಗಳೊಡನೆ ಮದುವೆಯ ಸಂಬಂಧವಿರುವ ಶ್ರೀಮಂತ ದೊರೆಯೊಬ್ಬ ಗಂಡುಮಗನಿಲ್ಲದೆ ಯುದ್ಧದಲ್ಲಿ ಸತ್ತರೆ ಏನಾಗುತ್ತದೆ ಎಂಬ ನಿಯಮವಾಗಿ ಬರೆಯಿರಿ. ಆಗ ಬರ್ಗಂಡಿಯ ಆಟಗಾರ ತನ್ನ ದೊರೆಯನ್ನು ರಣರಂಗಕ್ಕೆ ಕಳುಹಿಸುವ ಮೊದಲು ಹಿಂಜರಿಯುತ್ತಾನೆ, ಮತ್ತು ಆ ಹಿಂಜರಿಕೆಯಲ್ಲಿ ಅವನಿಗೆ ಚರಿತ್ರೆ ಅರ್ಥವಾಗುತ್ತದೆ. ನಡೆದದ್ದನ್ನು ನಡೆದ ಹಾಗೆಯೇ ನೋಡಬಯಸುವವರಿಗಾಗಿ, ಇತರ ದೇಶಗಳು ಐತಿಹಾಸಿಕ ಹಾದಿಯನ್ನೇ ಹಿಡಿಯುವಂತೆ ಮಾಡುವ ಆಯ್ಕೆಯನ್ನು ಹಾರ್ಟ್ಸ್ ಆಫ್ ಐರನ್ 4 ಆಟದ ಆರಂಭದಲ್ಲಿ ಕೊಡುತ್ತದೆ; ಇಂತಹ ಒಂದು ಆಯ್ಕೆ ಇಬ್ಬಗೆಯ ಆಟಗಾರರನ್ನೂ ಉಳಿಸಿಕೊಳ್ಳುತ್ತದೆ.

ಭೂಗೋಳಕ್ಕೂ ಇದೇ ಮಾತು ಸಲ್ಲುತ್ತದೆ. ಸಿವಿಲೈಸೇಶನ್ 6ರಲ್ಲಿ ಕಡಲತೀರದಲ್ಲಿ ನಗರ ಕಟ್ಟಿದವನಿಗೆ ನೌಕಾಯಾನದ ಅರಿವು ಬೇಗ ಬರುತ್ತದೆ. ಜನ ಬಾಳಿದ ನೆಲವೇ ಅವರ ವಿದ್ಯೆಯನ್ನು ರೂಪಿಸಿತೆಂಬುದನ್ನು ಪಾಠ ಹೇಳದೆ ತಿಳಿಸುವ ರೀತಿ ಇದು.

ಗೆದ್ದವನ ಬೇಸರ

ಈ ಪ್ರಕಾರದ ಹಳೆಯ ರೋಗವೆಂದರೆ ನಡುಗಾಲದಲ್ಲೇ ಗೆಲುವು ಖಚಿತವಾಗಿ, ಉಳಿದ ಅರ್ಧ ಬರೀ ಗುಡಿಸುವ ಕೆಲಸವಾಗುವುದು. ಬಹಳಷ್ಟು ಆಟಗಳು ಮುಗಿಯದೆ ಉಳಿಯುವುದು ಇಲ್ಲಿಯೇ. ಗೆಲ್ಲುತ್ತಿರುವವನಿಗೆ ಕೃತಕವಾಗಿ ದಂಡ ಹಾಕಿದರೆ ಅವನು ಸಿಟ್ಟಾಗುತ್ತಾನೆ. ಚರಿತ್ರೆಯಿಂದಲೇ ತಡೆ ತಂದರೆ ಒಪ್ಪುತ್ತಾನೆ. ಅತಿಯಾಗಿ ಬೆಳೆದ ಶಕ್ತಿಯ ವಿರುದ್ಧ ನೆರೆಯವರು ಒಂದಾಗುವುದು ಯುರೋಪಿನ ರಾಜಕೀಯದಲ್ಲಿ ಮತ್ತೆಮತ್ತೆ ಕಂಡದ್ದು. ಯುರೋಪಾ ಯೂನಿವರ್ಸಾಲಿಸ್ 4ರಲ್ಲಿ ಬೇಗಬೇಗ ನೆಲ ಕಬಳಿಸಿದವನ ವಿರುದ್ಧ ಅಂತಹ ಒಕ್ಕೂಟ ಏಳುತ್ತದೆ. 2011ರ ಶೋಗನ್ 2ರಲ್ಲಿ ಆಟಗಾರನ ಕೀರ್ತಿ ಒಂದು ಮಟ್ಟ ಮೀರಿದಾಗ ಬಹುತೇಕ ಮನೆತನಗಳು ಅವನ ಮೇಲೆ ತಿರುಗುತ್ತವೆ. ಒಕ್ಕೂಟದ ಮಾದರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಅಪಾಯ ಸ್ವಲ್ಪಸ್ವಲ್ಪವಾಗಿ ಏರುತ್ತದೆ ಮತ್ತು ಕಾದು ನಿಲ್ಲುವ ತಾಳ್ಮೆಗೆ ಬೆಲೆಯಿದೆ. ಒಮ್ಮೆಲೇ ಎಲ್ಲರೂ ತಿರುಗಿಬಿದ್ದಾಗ ವರ್ಷಗಳಿಂದ ಬೆಳೆಸಿದ ಸ್ನೇಹಕ್ಕೆ ಅರ್ಥವೇ ಉಳಿಯುವುದಿಲ್ಲ. ಒಳಗಿನಿಂದ ಬರುವ ತಡೆಗಳೂ ಇರಲಿ: ದೂರದ ಪ್ರಾಂತ್ಯದ ಅಧಿಕಾರಿಯ ಮಹತ್ವಾಕಾಂಕ್ಷೆ, ಪಾಲು ಕೇಳುವ ತಮ್ಮಂದಿರು, ಸಂಬಳ ಸಿಗದ ಸೈನ್ಯ.

ನಿಮ್ಮ ಕಾಲಘಟ್ಟದ ಕ್ರೌರ್ಯವನ್ನು ಏನು ಮಾಡುವಿರಿ ಎಂಬುದನ್ನೂ ಇದೇ ಹಂತದಲ್ಲಿ ತೀರ್ಮಾನಿಸಬೇಕು. ಗುಲಾಮಗಿರಿ, ವಸಾಹತು, ಕೋಟೆ ಬಿದ್ದ ಮೇಲಿನ ಕಗ್ಗೊಲೆ ಇವುಗಳನ್ನು ಬರೀ ಲಾಭದ ಅಂಕಿಗಳಾಗಿ ತೋರಿಸುವುದು ಆ ಜನರಿಗೆ ಮಾಡುವ ಅನ್ಯಾಯ. ಪೂರ್ತಿ ಅಳಿಸಿಹಾಕುವುದು ಆಟಗಾರನಿಗೆ ಹೇಳುವ ಸುಳ್ಳು. ಸೋತವರ ಕಡೆಯಿಂದಲೂ ಆಡಲು ಬರುವಂತೆ, ಅವರಿಗೂ ಸ್ವಂತ ಗುರಿ ಮತ್ತು ಸ್ವಂತ ತಂತ್ರ ಇರುವಂತೆ ರೂಪಿಸುವುದು ಒಂದು ಪ್ರಾಮಾಣಿಕ ದಾರಿ. ಖಾಲಿ ನೆಲವೆಂದು ನಕ್ಷೆಯಲ್ಲಿ ಬಿಡುವ ಮೊದಲು ಅಲ್ಲಿ ಯಾರು ಬಾಳುತ್ತಿದ್ದರು ಎಂದು ಓದಿ ತಿಳಿದುಕೊಳ್ಳಿ.

ಕಲಿಸುವುದು ಮತ್ತು ಪರೀಕ್ಷಿಸುವುದು

ನಿಯಮಗಳು ಹೆಚ್ಚಾದಷ್ಟೂ ಬಾಗಿಲು ಕಿರಿದಾಗುತ್ತದೆ. ಏಜ್ ಆಫ್ ಎಂಪೈರ್ಸ್ 2 ತನ್ನ ಪಾಠವನ್ನು ವಿಲಿಯಂ ವ್ಯಾಲೇಸನ ಕಥೆಯಾಗಿ ಹೇಳುತ್ತದೆ: ಮೊದಲು ಪಡೆಗಳನ್ನು ನಡೆಸುವುದು, ಆಮೇಲೆ ಆಹಾರ ಮತ್ತು ಮರ ಕೂಡಿಸುವುದು, ಕೊನೆಯಲ್ಲಿ ದೊಡ್ಡ ಕದನ. ಒಂದು ಅಧ್ಯಾಯಕ್ಕೆ ಒಂದೆರಡು ಹೊಸ ಸಂಗತಿಗಳು ಸಾಕು, ಮತ್ತು ಕಲಿತದ್ದನ್ನು ಕೂಡಲೇ ಬಳಸುವ ಸಂದರ್ಭ ಬರಬೇಕು. ಉದ್ದುದ್ದ ವಿವರಣೆಗಳನ್ನು ಆಟದೊಳಗಿನ ವಿಶ್ವಕೋಶಕ್ಕೆ ಸರಿಸಿ. ಕುತೂಹಲ ಹುಟ್ಟಿದವರು ಅದನ್ನು ತಾವೇ ತೆರೆದು ಓದುತ್ತಾರೆ.

ಒಂದು ಸಾಲು ಕೋಡ್ ಬರೆಯುವ ಮೊದಲು ಆಟವನ್ನು ಕಾಗದದ ಮೇಲೆ ಆಡಿಸಿ. ಫ್ರಾನ್ಸಿಸ್ ಟ್ರೆಶಮ್ ಅವರ ಸಿವಿಲೈಸೇಶನ್ ಎಂಬ ಬೋರ್ಡ್ ಆಟ 1980ರಲ್ಲೇ ವಿದ್ಯೆಗಳ ಬೆಳವಣಿಗೆಯನ್ನು ಕಾರ್ಡುಗಳಲ್ಲಿ ತೋರಿಸಿತ್ತು, ಯುರೋಪಾ ಯೂನಿವರ್ಸಾಲಿಸ್ ಕೂಡ ಕಂಪ್ಯೂಟರಿಗೆ ಬಂದದ್ದು ಒಂದು ಫ್ರೆಂಚ್ ಬೋರ್ಡ್ ಆಟದಿಂದಲೇ. ಮುತ್ತಿಗೆಯ ಉದಾಹರಣೆಗೆ ಬೇಕಾಗುವುದು ಗೋಡೆಯ ಕೆಲವು ಭಾಗಗಳನ್ನು ಬರೆದ ಒಂದು ಹಾಳೆ, ರಕ್ಷಕರ ಗುಂಪುಗಳಿಗಾಗಿ ಒಂದಿಷ್ಟು ಬಿಲ್ಲೆಗಳು, ಹಣ ಮತ್ತು ನಿಷ್ಠೆಯ ಎರಡು ಪಟ್ಟಿಗಳು, ಒಂದು ದಾಳ. ಮೆಹ್ಮದನ ಪಾತ್ರವನ್ನು ನೀವೇ ವಹಿಸಿ ಇನ್ನೊಬ್ಬರಿಗೆ ನಗರವನ್ನು ಒಪ್ಪಿಸಿ. ಆಟ ನಡೆಯುವಾಗ ಸಲಹೆ ಕೊಡಬೇಡಿ. ಅವರು ಎಲ್ಲಿ ಕೈ ತಡೆದು ಯೋಚಿಸುತ್ತಾರೆ, ಎಲ್ಲಿ ಯೋಚಿಸದೆ ಬಿಲ್ಲೆ ಸರಿಸುತ್ತಾರೆ ಎಂಬುದನ್ನು ಮಾತ್ರ ಬರೆದುಕೊಳ್ಳಿ. ಮುಗಿದ ಮೇಲೆ, ಇಷ್ಟವಾಯಿತೇ ಎಂದು ಕೇಳುವ ಬದಲು ಏನಾಯಿತೆಂದು ಹೇಳಲು ಬಿಡಿ. ಮೂರನೆಯ ರಾತ್ರಿ ದುರಸ್ತಿ ಬಿಟ್ಟು ಮಲಗಲು ಬಿಟ್ಟೆ, ಅದರಿಂದ ಗೋಡೆ ಬಿತ್ತು ಎಂಬ ಬಗೆಯ ಉತ್ತರ ಬಂದರೆ ಆ ನಿಯಮವನ್ನು ಉಳಿಸಿಕೊಳ್ಳಿ. ನಿಷ್ಠೆ ಎರಡಕ್ಕಿಳಿಯಿತು, ಆಮೇಲೆ ಸೋತೆ ಎಂದಷ್ಟೇ ಹೇಳಿದರೆ ನಿಷ್ಠೆಯ ಪಟ್ಟಿ ಇನ್ನೂ ಅಂಕಿಯಾಗಿಯೇ ಉಳಿದಿದೆ ಎಂದರ್ಥ. ಅದರ ಇಳಿತದಿಂದ ಯಾರು ಗೋಡೆ ಬಿಟ್ಟು ಹೋದರು, ಯಾವ ಬಾಗಿಲು ಕಾವಲಿಲ್ಲದೆ ಉಳಿಯಿತು ಎಂಬುದು ಹಾಳೆಯ ಮೇಲೆ ಕಾಣುವಂತೆ ನಿಯಮವನ್ನು ತಿದ್ದಿ, ಮತ್ತೊಬ್ಬರನ್ನು ಕರೆದು ಪುನಃ ಆಡಿಸಿ.